ದೋಣಿಗೆ ತೂತು ಕೊರೆದ ಮೇಲೆ

ದೇಶದ ನದಿ, ಕಾಲುವೆಗಳ ಜಲಮಾರ್ಗಗಳನ್ನೆಲ್ಲ ನೋಡಿಕೊಳ್ಳುವ ಭಾರತೀಯ ಒಳನಾಡು ಜಲಮಾರ್ಗ ಪ್ರಾಧಿಕಾರದ ಕೇಂದ್ರ ಕಚೇರಿ ಇರುವುದು ನೋಯ್ಡಾದ ಸೆಕ್ಟರ್ 1ರಲ್ಲಿ. ಅಲ್ಲಿಂದ ಅತಿ ಹತ್ತಿರದ ಸಮುದ್ರ ಸಿಗಬೇಕಾದರೂ ಸಾವಿರ ಕಿಲೋಮೀಟರಿನ ಆಸುಪಾಸು ಹೋಗಬೇಕು. ಹಾಗೆಂದು ದೋಣಿಯ ಮಾತು ಅಲ್ಲಿಗೆ ಹೊಸದೇನಲ್ಲ. ದೆಹಲಿಯ ಜಗತ್‌ಪುರದಿಂದ ಪ್ರಯಾಗರಾಜದ ಸಂಗಮದವರೆಗಿನ ಯಮುನೆ ಸರ್ಕಾರದ ಕಡತದಲ್ಲಿ ರಾಷ್ಟ್ರೀಯ ಜಲಮಾರ್ಗ 110. 2025ರ ಮಾರ್ಚ್ 11ರಂದು ದೆಹಲಿಯ ಸೋನಿಯಾ ವಿಹಾರದಲ್ಲಿ ಒಂದು ಒಪ್ಪಂದಕ್ಕೆ ಸಹಿ ಬಿತ್ತು: ವಜೀರಾಬಾದ್ ಬ್ಯಾರೇಜಿನ ಮೇಲ್ಭಾಗದಲ್ಲಿ, ಸೋನಿಯಾ ವಿಹಾರದಿಂದ ಜಗತ್‌ಪುರದವರೆಗೆ ಸುಮಾರು ನಾಲ್ಕು ಕಿಲೋಮೀಟರು ವಿದ್ಯುತ್-ಸೌರ ದೋಣಿಗಳನ್ನು ಓಡಿಸುವ ಯೋಜನೆ. ವೇಗ ಐದರಿಂದ ಏಳು ನಾಟ್. ಒಂದು ಸಣ್ಣ ಹಾಯಿದೋಣಿ ತನ್ನ ಪುಟ್ಟ ಡೀಸೆಲ್ ಎಂಜಿನ್ನಿನಲ್ಲಿ ಹೋಗುವ ವೇಗವೂ ಸರಿಸುಮಾರು ಅಷ್ಟೇ.

ದೆಹಲಿ, ಗುರುಗ್ರಾಮ, ನೋಯ್ಡಾಗಳಲ್ಲಿ ಹಾಯಿದೋಣಿಯ ಗೀಳು ಹತ್ತಿಸಿಕೊಂಡವರ ಪಾಡು ಸ್ವಲ್ಪ ವಿಚಿತ್ರ. ಸರೋವರದಲ್ಲಿ ಆಡುವ ಚಿಕ್ಕ ದೋಣಿಯಾದರೆ ಎಂಜಿನ್ನೇ ಬೇಡ. ಒಳಗೆ ಮಲಗಲು ಜಾಗ, ಅಡುಗೆಗೊಂದು ಒಲೆ, ತಳದಲ್ಲೊಂದು ಡೀಸೆಲ್ ಎಂಜಿನ್ ಇರುವ ಇಪ್ಪತ್ತೈದು-ಮೂವತ್ತಡಿಯ ದೋಣಿ ಕೊಂಡರೋ, ಅದನ್ನು ಇಡಬೇಕಾದ್ದು ಮುಂಬೈಯಲ್ಲಿ, ಗೋವೆಯಲ್ಲಿ, ಇಲ್ಲವೇ ಕೊಚ್ಚಿಯಲ್ಲಿ. ಒಡೆಯ ಒಂದು ಕಡೆ, ದೋಣಿ ಇನ್ನೊಂದು ಕಡೆ. ಮುಂಬೈಯೇ ರಸ್ತೆಯಲ್ಲಿ ಸುಮಾರು 1,400 ಕಿಲೋಮೀಟರು ದೂರ. ಈ ದೂರ ದೋಣಿಯ ಬಹಳಷ್ಟು ತೀರ್ಮಾನಗಳನ್ನು ಬದಲಿಸುತ್ತದೆ. ಅವುಗಳಲ್ಲೆಲ್ಲ ಗಂಭೀರವಾದದ್ದು, ದೋಣಿಯ ಹಿಂಭಾಗದಲ್ಲಿ ನೀರಿನ ಮಟ್ಟಕ್ಕಿಂತ ಕೆಳಗೆ ಇರುವ ಒಂದು ತೂತನ್ನು ಹೇಗೆ ಮುಚ್ಚುವುದು ಎಂಬ ತೀರ್ಮಾನ.

ಆ ತೂತನ್ನು ಬೇಕೆಂದೇ ಕೊರೆದಿರುತ್ತಾರೆ. ಎಂಜಿನ್ ಒಳಗಿದೆ, ಪ್ರೊಪೆಲ್ಲರ್ ಹೊರಗಿದೆ. ಎರಡನ್ನೂ ಜೋಡಿಸುವ ಉಕ್ಕಿನ ಶಾಫ್ಟ್ ಎಲ್ಲಾದರೂ ದೋಣಿಯ ಗೋಡೆಯನ್ನು ದಾಟಲೇಬೇಕಲ್ಲ. ದಾಟುವ ಜಾಗದಲ್ಲಿ ಒಂದು ಕೊಳವೆ ಇರುತ್ತದೆ. ಸ್ಟರ್ನ್ ಟ್ಯೂಬ್ ಎನ್ನುತ್ತಾರೆ. ಕೊಳವೆಯ ತುಂಬ ನೀರು. ಶಾಫ್ಟ್ ನಿಮಿಷಕ್ಕೆ ಸಾವಿರ ಸುತ್ತು ತಿರುಗಬೇಕು, ಆದರೆ ಅದರ ಸುತ್ತಲಿನ ಸಂದಿಯಿಂದ ನೀರು ಒಳಗೆ ಬರಬಾರದು. ಸ್ಥಿರವಾದ ಕೊಳವೆಯ ತೂತು ಮುಚ್ಚುವುದು ಯಾರಿಗಾದರೂ ಬಂದೀತು. ತಿರುಗುವ ಕಂಬಿಯ ಸುತ್ತ ನೀರು ತಡೆಯುವುದೇ ಕಷ್ಟದ ಕೆಲಸ.

ದೆಹಲಿಯ ಮಂದಿಗೆ ಇದನ್ನು ಅರ್ಥ ಮಾಡಿಸಲು ಸಮುದ್ರದವರೆಗೆ ಹೋಗಬೇಕಿಲ್ಲ. ಬೆಳಗಿನ ಜಾವ ಜಲಮಂಡಳಿಯ ನೀರು ಬರುವ ಹೊತ್ತಿಗೆ ಮನೆಮನೆಯಲ್ಲೂ ಗುರ್ ಎನ್ನುವ ಪಂಪಿನಲ್ಲಿ ಇದೇ ಸಮಸ್ಯೆ ಇದೆ, ಇದೇ ಪರಿಹಾರವೂ ಇದೆ. ಮೋಟಾರಿನ ಕಂಬಿ ನೀರು ತುಂಬಿದ ಪಂಪಿನೊಳಗೆ ಹೊಗಬೇಕು, ನೀರು ಮೋಟಾರಿಗೆ ತಾಗಬಾರದು. ಪಂಪಿನ ಕತ್ತಿನಿಂದ ನೀರು ಸುರಿಯತೊಡಗಿದಾಗ ಮೆಕ್ಯಾನಿಕ್ ಬಂದು ಬಿಚ್ಚಿ ತೆಗೆಯುವ ಆ ಕಪ್ಪು ಉಂಗುರ ಇಂಗಾಲದ್ದು. ಅದರ ಹಿಂದೊಂದು ಸ್ಪ್ರಿಂಗ್, ಎದುರಿಗೆ ಬಿಳಿಯ ಪಿಂಗಾಣಿಯ ಇನ್ನೊಂದು ಉಂಗುರ. ಒಂದು ತಿರುಗುತ್ತದೆ, ಒಂದು ನಿಂತಿರುತ್ತದೆ. ಎರಡರ ಮುಖಗಳೂ ಕನ್ನಡಿಯಷ್ಟು ನಯವಾಗಿ ಒಂದಕ್ಕೊಂದು ಒತ್ತಿಕೊಂಡಿರುವುದರಿಂದ ನಡುವೆ ನೀರು ನುಸುಳುವುದಿಲ್ಲ. ಮೆಕ್ಯಾನಿಕಲ್ ಸೀಲು ಎಂದರೆ ಇದೇ. ಹಳೆಯ ಕಾಲದ ಪಂಪುಗಳಲ್ಲಿ ಇದರ ಬದಲು ಗ್ಲ್ಯಾಂಡ್ ಇರುತ್ತಿತ್ತು: ಗ್ರೀಸು ಹೀರಿಸಿ ಹೆಣೆದ ಚೌಕನೆಯ ಹಗ್ಗವನ್ನು ಕಂಬಿಯ ಸುತ್ತ ಮೂರು ನಾಲ್ಕು ಸುತ್ತಾಗಿ ತುರುಕಿ, ಮೇಲಿಂದ ನಟ್ಟು ಬಿಗಿಯುವುದು. ದೆಹಲಿಯ ಜಿ.ಬಿ. ರೋಡಿನ ಪಂಪಿನಂಗಡಿಗಳ ಸಾಲಿನಲ್ಲಿ ‘ಗ್ಲ್ಯಾಂಡ್ ಡೋರಿ’ ಕೇಳಿದರೆ ಇವತ್ತಿಗೂ ತೂಕಕ್ಕೆ ಕೊಡುತ್ತಾರೆ.

ದೋಣಿಯ ಲೋಕದಲ್ಲೂ ಈ ಎರಡೇ ಕುಲಗಳು. ಹಗ್ಗದ ಗ್ಲ್ಯಾಂಡ್ ಹಳೆಯದು, ತೊಟ್ಟಿಕ್ಕುತ್ತದೆ. ಹೊಸ ಸೀಲುಗಳು ತೊಟ್ಟಿಕ್ಕುವುದಿಲ್ಲ.

ಮಲ್ಪೆ, ಮಂಗಳೂರಿನ ಧಕ್ಕೆಯಲ್ಲಿ ಟ್ರಾಲರ್ ಓಡಿಸುವವರಿಗೆ ಗ್ಲ್ಯಾಂಡಿನ ಗುಣ ಹೇಳಿಕೊಡಬೇಕಾಗಿಲ್ಲ. ಎಂಜಿನ್ ಓಡುವಾಗ ಅದು ನಿಮಿಷಕ್ಕೆ ಎರಡು ಮೂರು ಹನಿ ಬಿಡಬೇಕು. ಆ ನೀರೇ ಹಗ್ಗಕ್ಕೂ ಶಾಫ್ಟಿಗೂ ತಂಪು. ಹನಿ ಪೂರಾ ನಿಲ್ಲಲಿ ಎಂದು ನಟ್ಟನ್ನು ಬಿಗಿದರೆ ಹಗ್ಗ ಒಣಗಿ, ಬಿಸಿಯಾಗಿ, ಗಟ್ಟಿಯಾಗಿ ಉಕ್ಕನ್ನೇ ಕೊರೆಯುತ್ತದೆ. ಕೈಯಿಟ್ಟು ನೋಡಿದಾಗ ಗ್ಲ್ಯಾಂಡ್ ಬೆಚ್ಚಗಿದ್ದರೆ ಅಡ್ಡಿಯಿಲ್ಲ. ಸುಟ್ಟರೆ ಬಿಗಿತ ಹೆಚ್ಚಾಗಿದೆ ಎಂದರ್ಥ. ನಮ್ಮ ಕರಾವಳಿಯಲ್ಲಿ ಜೂನ್ 1ರಿಂದ ಜುಲೈ 31ರವರೆಗೆ 61 ದಿನ ಯಾಂತ್ರಿಕ ಮೀನುಗಾರಿಕೆಗೆ ನಿಷೇಧ. ಹಗ್ಗ ಬದಲಿಸುವುದು, ಶಾಫ್ಟಿನ ಸವಕಲು ನೋಡುವುದು, ದೋಣಿಯ ಇಂಥ ರಿಪೇರಿಗಳಿಗೆಲ್ಲ ಅದೇ ಬಿಡುವು. ಬೋಟಿನಲ್ಲಿ ದಿನವೂ ಜನ ಇರುತ್ತಾರೆ, ತಳದ ನೀರು ದಿನವೂ ಪಂಪಾಗುತ್ತದೆ. ಹಾಗಾಗಿ ಹನಿಯ ಬಗ್ಗೆ ಅಲ್ಲಿ ಯಾರೂ ನಿದ್ದೆ ಕೆಡಿಸಿಕೊಳ್ಳುವುದಿಲ್ಲ.

ಒಡೆಯ ದೆಹಲಿಯಲ್ಲಿದ್ದರೆ ಲೆಕ್ಕ ಬೇರೆ. ಗ್ಲ್ಯಾಂಡ್ ಸ್ವಲ್ಪ ಸಡಿಲವಾಗಿ, ನಿಂತ ದೋಣಿಯಲ್ಲೂ ನಿಮಿಷಕ್ಕೆ ಹತ್ತು ಹನಿ ಬೀಳುತ್ತಿದೆ ಎಂದಿಟ್ಟುಕೊಳ್ಳೋಣ. ಇಪ್ಪತ್ತು ಹನಿಗೆ ಒಂದು ಮಿಲಿಲೀಟರ್ ಹಿಡಿದರೆ ದಿನಕ್ಕೆ ಮುಕ್ಕಾಲು ಲೀಟರಿಗೆ ತುಸು ಕಡಿಮೆ. ತಿಂಗಳಿಗೆ ಒಂದು ದೊಡ್ಡ ಬಕೆಟ್ಟು. ನಾಲ್ಕು ತಿಂಗಳು ಯಾರೂ ಹತ್ತದೆ ಬಿಟ್ಟರೆ 88 ಲೀಟರ್ ಉಪ್ಪುನೀರು ತಳದಲ್ಲಿ ನಿಂತಿರುತ್ತದೆ. ದೋಣಿ ಇದರಿಂದ ಮುಳುಗುವುದಿಲ್ಲ, ನಿಜ. ಆದರೆ ಉಪ್ಪಿನ ಹಸಿಯಲ್ಲಿ ಸ್ಟಾರ್ಟರ್ ಮೋಟಾರು, ವಯರಿನ ತುದಿಗಳು, ಎಂಜಿನ್ನಿನ ಕಾಲುಗಳು ತುಕ್ಕು ಹಿಡಿದು ಹಾಳಾಗುತ್ತವೆ. ಒಳಗೆ ಬೂಷ್ಟಿನ ವಾಸನೆ. ತೊಟ್ಟಿಕ್ಕದ ಸೀಲಿನ ಆಸೆ ಹುಟ್ಟುವುದೇ ಇಲ್ಲಿ.

ಈ ಸಮಸ್ಯೆಗೆ ಪ್ರೊಪೆಲ್ಲರಿನಷ್ಟೇ ವಯಸ್ಸು. ಇಂಗ್ಲೆಂಡಿನ ಫ್ರಾನ್ಸಿಸ್ ಪೆಟಿಟ್ ಸ್ಮಿತ್ ತನ್ನ ತಿರುಪಿನ ಪ್ರೊಪೆಲ್ಲರಿಗೆ ಪೇಟೆಂಟ್ ಪಡೆದದ್ದು 1836ರಲ್ಲಿ. ಮರದ ಯುದ್ಧನೌಕೆಗಳ ಬೆನ್ನು ಕೊರೆದು ಶಾಫ್ಟು ಕೂರಿಸಲು ಹೊರಟಾಗಲೇ ಇಕ್ಕಟ್ಟು ಗೊತ್ತಾದದ್ದು: ಹಿತ್ತಾಳೆಯ ಬೇರಿಂಗುಗಳು ಬೇಗ ಸವೆದುಹೋಗಿ ನೀರು ನುಗ್ಗುತ್ತಿತ್ತು. ಕ್ರೈಮಿಯಾ ಯುದ್ಧದ ಹೊತ್ತಿನಲ್ಲಿ, 1855ರ ಡಿಸೆಂಬರಿನಲ್ಲಿ, ಬ್ರಿಟನ್ನಿನ ಭಾರೀ ಯುದ್ಧನೌಕೆ ರಾಯಲ್ ಆಲ್ಬರ್ಟ್ ಶಾಫ್ಟಿನ ಸುತ್ತಲಿನ ಸೋರಿಕೆಯಿಂದಲೇ ಮುಳುಗುವ ಸ್ಥಿತಿಗೆ ಬಂತು. ಅದನ್ನು ಗ್ರೀಸಿನ ಕೀಯಾ ದ್ವೀಪದ ದಡಕ್ಕೆ ಏರಿಸಿ ಉಳಿಸಿಕೊಳ್ಳಬೇಕಾಯಿತು. ಶತ್ರುವಿನ ಗುಂಡಿಲ್ಲ, ಬಿರುಗಾಳಿಯಿಲ್ಲ, ಒಂದು ತೂತಿನ ಕಾಟ. ಬೇರಿಂಗಿನ ಸವೆತಕ್ಕೆ ಮದ್ದು ಸಿಕ್ಕಿದ್ದು ಜಾನ್ ಪೆನ್ ಎಂಬ ಎಂಜಿನಿಯರ್ 1854ರಲ್ಲಿ ಪೇಟೆಂಟ್ ಮಾಡಿದ ಉಪಾಯದಿಂದ: ನೀರಿನಲ್ಲಿ ಮುಳುಗುವಷ್ಟು ತೂಕದ, ರಾಳ ತುಂಬಿದ ಲಿಗ್ನಮ್ ವೀಟೆ ಮರದ ಪಟ್ಟಿಗಳನ್ನು ಬೇರಿಂಗಿನೊಳಗೆ ಕೂರಿಸಿ, ಸಂದಿಯಲ್ಲಿ ನೀರನ್ನೇ ಎಣ್ಣೆಯಂತೆ ಹರಿಸುವುದು. ಈಗ ಸಣ್ಣ ದೋಣಿಗಳಲ್ಲಿ ಮರದ ಜಾಗಕ್ಕೆ ರಬ್ಬರ್ ಬಂದಿದೆ. ಕಟ್‌ಲೆಸ್ ಬೇರಿಂಗ್ ಎನ್ನುವ ಆ ಹಿತ್ತಾಳೆ ಕವಚದ ರಬ್ಬರ್ ಕೊಳವೆಯಲ್ಲೂ ಉದ್ದುದ್ದ ಗೆರೆಗಳಿರುತ್ತವೆ, ನೀರು ಹರಿಯಲೆಂದೇ.

ಇಷ್ಟಾದ ಮೇಲೂ ತೂತಿನ ಅಪಾಯ ತೀರಲಿಲ್ಲ. 1941ರ ಡಿಸೆಂಬರ್ 10ರಂದು ಮಲಯದ ಕರಾವಳಿಯಾಚೆ ಜಪಾನಿ ಟಾರ್ಪಿಡೊ ತಗುಲಿದ ಬ್ರಿಟನ್ನಿನ ಪ್ರಿನ್ಸ್ ಆಫ್ ವೇಲ್ಸ್ ಯುದ್ಧನೌಕೆಯಲ್ಲಿ ಬಾಗಿದ ಶಾಫ್ಟ್ ತಿರುಗುತ್ತಲೇ ಸುತ್ತಲಿನ ಗ್ಲ್ಯಾಂಡುಗಳನ್ನು ಹರಿದುಹಾಕಿತು. ಆ ದಾರಿಯಲ್ಲಿ ಒಳಹೊಕ್ಕ ನೀರು ಆ ನೌಕೆಯ ಅಂತ್ಯದಲ್ಲಿ ದೊಡ್ಡ ಪಾಲು ವಹಿಸಿತು.

ಇನ್ನು ಇವತ್ತಿನ ಅಂಗಡಿಗೆ ಬರೋಣ.

ತೊಟ್ಟಿಕ್ಕದ ಸೀಲುಗಳಲ್ಲಿ ಮೊದಲನೆಯ ಬಗೆ ಮನೆಯ ಪಂಪಿನ ಸೀಲಿನ ಅಣ್ಣ. ಅಮೆರಿಕದ ಪಿವೈಐ ಕಂಪನಿಯ ಪಿಎಸ್‌ಎಸ್ ಇದರಲ್ಲಿ ಹೆಚ್ಚು ಹೆಸರಾದದ್ದು. ಸ್ಟರ್ನ್ ಟ್ಯೂಬಿನ ಒಳತುದಿಗೆ ಒಂದು ರಬ್ಬರಿನ ಬೆಲ್ಲೋಸ್, ಅಂದರೆ ಹಾರ್ಮೋನಿಯಂ ತಿದಿಯ ಹಾಗೆ ಮಡಿಕೆ ಮಡಿಕೆಯಾದ ತೋಳು. ಅದರ ಬಾಯಿಗೆ ಇಂಗಾಲದ ಉಂಗುರ. ಶಾಫ್ಟಿನ ಮೇಲೆ, ಶಾಫ್ಟಿನೊಡನೆಯೇ ತಿರುಗುವ ಸ್ಟೀಲಿನ ರೋಟರ್. ರೋಟರನ್ನು ಹಿಂದಕ್ಕೆ ತಳ್ಳಿ, ಬೆಲ್ಲೋಸನ್ನು ತಯಾರಕರು ಹೇಳಿದಷ್ಟು ಅಮುಕಿ, ಚಿಕ್ಕ ಸ್ಕ್ರೂಗಳಿಂದ ರೋಟರನ್ನು ಶಾಫ್ಟಿಗೆ ಬಿಗಿಯುತ್ತಾರೆ. ಅಮುಕಿದ ರಬ್ಬರು ಇಂಗಾಲವನ್ನು ಸ್ಟೀಲಿಗೆ ಸದಾ ಒತ್ತಿಹಿಡಿಯುತ್ತದೆ. ಇದರ ಬಲ ಏನೆಂದರೆ ಶಾಫ್ಟಿನ ಮೈಯನ್ನು ಯಾವುದೂ ಉಜ್ಜುವುದಿಲ್ಲ. ಹಳೆಯ ಹಗ್ಗ ಕೊರೆದ ಗೀರುಗಳಿರುವ ಶಾಫ್ಟಿಗೂ ನಡೆಯುತ್ತದೆ, ರೋಟರಿನ ಒಳಗಿನ ಓ-ರಿಂಗ್ ಕೂರುವ ಜಾಗ ನಯವಾಗಿದ್ದರೆ ಸಾಕು. ಎರಡು ಸಿಲಿಂಡರಿನ ಸಣ್ಣ ಡೀಸೆಲ್ ಎಂಜಿನ್ ನಿಧಾನಕ್ಕೆ ಓಡುವಾಗ ಮೈತುಂಬ ನಡುಗುತ್ತದೆ. ಆ ನಡುಕವನ್ನು ಬೆಲ್ಲೋಸ್ ನುಂಗಿಕೊಳ್ಳುತ್ತದೆ.

ದೋಷ ಎಲ್ಲಿ? ರೋಟರನ್ನು ಹಿಡಿದಿರುವುದು ಆ ಚಿಕ್ಕ ಸ್ಕ್ರೂಗಳು ಮಾತ್ರ. ಅವು ಸಡಿಲಾಗಿ ರೋಟರ್ ಒಂದು ಅಂಗುಲ ಮುಂದೆ ಸರಿದರೆ ಎರಡು ಮುಖಗಳ ನಡುವೆ ಬಾಯಿ ಬಿಡುತ್ತದೆ. ಆದ್ದರಿಂದ ಒಮ್ಮೆ ಬಿಚ್ಚಿದ ಸ್ಕ್ರೂಗಳನ್ನು ಮತ್ತೆ ಹಾಕಬಾರದು, ಹೊಸದನ್ನೇ ಹಾಕಬೇಕು. ರೋಟರಿನ ಮುಂದೆ ಶಾಫ್ಟಿಗೊಂದು ಕಾಲರನ್ನು ಬಿಗಿದು ಕಾವಲಿಡುವುದು ಜಾಣತನ. ಇನ್ನೊಂದು ರಬ್ಬರಿನ ವಯಸ್ಸು: ಬೆಲ್ಲೋಸನ್ನು ಆರು ವರ್ಷಕ್ಕೊಮ್ಮೆ ಬದಲಿಸಿ ಎಂದು ತಯಾರಕರೇ ಹೇಳುತ್ತಾರೆ. ನೋಡಲು ಚೆನ್ನಾಗಿದೆಯಲ್ಲ ಎಂದು ಹತ್ತು ವರ್ಷ ಓಡಿಸುವವರಿದ್ದಾರೆ. ರಬ್ಬರು ಒಳಗಿನಿಂದ ಬಿರಿದರೆ ಹೊರಗೆ ಕಾಣುವುದಿಲ್ಲ.

ಎರಡನೆಯ ಬಗೆ ತುಟಿಯ ಸೀಲು. ವೋಲ್ವೊ ಪೆಂಟಾದ ಕಪ್ಪು ರಬ್ಬರ್ ಸೀಲು ಇದರಲ್ಲಿ ಸರಳವಾದದ್ದು. ಒಂದೇ ತುಂಡು ರಬ್ಬರು, ಒಳಗೆ ಶಾಫ್ಟನ್ನು ಅಪ್ಪಿಕೊಳ್ಳುವ ತುಟಿಗಳು, ಹೊರಗಿನಿಂದ ಹೋಸ್ ಕ್ಲಿಪ್ಪು, ಅಷ್ಟೇ. ಸ್ಕ್ರೂ ಇಲ್ಲ, ರೋಟರ್ ಇಲ್ಲ, ಸ್ಪ್ರಿಂಗ್ ಇಲ್ಲ. ವರ್ಷಕ್ಕೊಮ್ಮೆ ತುಟಿಗಳ ನಡುವೆ ಒಂದು ಚಿಟಿಕೆ ನೀರುನಿರೋಧಕ ಗ್ರೀಸ್ ತುಂಬಬೇಕು. ಐದು ವರ್ಷಕ್ಕೆ ಅಥವಾ 500 ಗಂಟೆ ಓಡಿದ ಮೇಲೆ ಇಡೀ ತುಂಡನ್ನೇ ಬದಲಿಸಬೇಕು. ಬೆಲೆ ಇಂಗಾಲದ ಸೀಲಿಗಿಂತ ಎಷ್ಟೋ ಕಡಿಮೆ. ಕಟ್ಟುನಿಟ್ಟು ಮಾತ್ರ ಜಾಸ್ತಿ: ಶಾಫ್ಟಿನ ಮೈ ಗೀರಿಲ್ಲದೆ ಇರಬೇಕು, ಎಂಜಿನ್ ಮತ್ತು ಶಾಫ್ಟ್ ಒಂದೇ ಗೆರೆಯಲ್ಲಿರಬೇಕು, ಬೇರಿಂಗ್ ಸವೆದಿರಬಾರದು. ಶಾಫ್ಟ್ ಗಡಗಡ ಅಲುಗಾಡುವ ದೋಣಿಯಲ್ಲಿ ತುಟಿ ಒಂದು ಬದಿಗೆ ಸವೆದು ವರ್ಷದೊಳಗೆ ಕೈಕೊಡುತ್ತದೆ.

ತುಟಿಯ ಬಗೆಯಲ್ಲೇ ಇನ್ನೂ ದುಬಾರಿಯದೊಂದಿದೆ. ಗಟ್ಟಿ ಚಿಪ್ಪಿನೊಳಗೆ ತುಟಿ ಇರುತ್ತದೆ, ಶಾಫ್ಟಿನ ಮೇಲೆ ಇನ್ನೊಂದು ತುಟಿಯನ್ನು ಮೊದಲೇ ಪೋಣಿಸಿ ಇಟ್ಟಿರುತ್ತಾರೆ. ಹಳೆಯದು ಸೋರಿದರೆ ಶಾಫ್ಟ್ ಬಿಚ್ಚದೆ, ದೋಣಿಯನ್ನು ದಡಕ್ಕೆ ಎಳೆಯದೆ, ನೀರಿನಲ್ಲೇ ಹೊಸದನ್ನು ಕೂರಿಸಬಹುದು. ಟೈಡ್ಸ್ ಮರೀನ್ ಎಂಬ ಅಮೆರಿಕದ ಕಂಪನಿಯ ಸೀಲು ಈ ಉಪಾಯಕ್ಕೆ ಹೆಸರುವಾಸಿ. ಕ್ರೇನಿಗೆ ವಾರಗಟ್ಟಲೆ ಕಾಯಬೇಕಾದ ನಮ್ಮ ಬಂದರುಗಳಲ್ಲಿ ಇದಕ್ಕೆ ಬೆಲೆಯಿದೆ.

ಮೂರನೆಯ ದಾರಿಯನ್ನು ಅಂಗಡಿಯವರು ಹೇಳುವುದು ಕಡಿಮೆ, ಅದರಲ್ಲಿ ಅವರಿಗೆ ಲಾಭವಿಲ್ಲ. ಹಳೆಯ ಗ್ಲ್ಯಾಂಡನ್ನೇ ಇಟ್ಟುಕೊಂಡು ಮೇಣದ ಹಗ್ಗದ ಬದಲು ಟೆಫ್ಲಾನ್ ಸೇರಿಸಿದ ಹೊಸ ಹಗ್ಗ ಹಾಕುವುದು. ಖರ್ಚು ಕಡಿಮೆ, ಹೊಸದಾಗಿ ಏನನ್ನೂ ಕೊರೆಯಬೇಕಿಲ್ಲ. ಸರಿಯಾಗಿ ಹೊಂದಿಸಿದರೆ ದೋಣಿ ನಿಂತಾಗ ಹನಿಯೇ ಇಲ್ಲ, ಓಡುವಾಗ ಎಲ್ಲೋ ಒಂದೆರಡು. ಗ್ರಾಫೈಟ್ ಬೆರೆಸಿದ ಹಗ್ಗ ಉಪ್ಪುನೀರಿನಲ್ಲಿ ಶಾಫ್ಟಿನ ಲೋಹಕ್ಕೆ ತುಕ್ಕು ಹತ್ತಿಸೀತು ಎಂಬ ತಕರಾರು ಕೆಲವು ಬೋಟ್‌ಯಾರ್ಡುಗಳಲ್ಲಿದೆ. ಗ್ರಾಫೈಟ್ ಇಲ್ಲದ ಹಗ್ಗವೂ ಸಿಗುವುದರಿಂದ ಅದನ್ನು ಆರಿಸಿಕೊಂಡರೆ ಜಗಳವೇ ಇಲ್ಲ. ಹಗ್ಗದ ಸುತ್ತನ್ನು ಕತ್ತರಿಸುವಾಗ ತುದಿಯನ್ನು ಓರೆಯಾಗಿ ಕತ್ತರಿಸಬೇಕು, ಒಂದು ಸುತ್ತಿನ ಜೋಡಣೆಯ ಮೇಲೆ ಮುಂದಿನ ಸುತ್ತಿನ ಜೋಡಣೆ ಬರದ ಹಾಗೆ ತಿರುಗಿಸಿ ಕೂರಿಸಬೇಕು. ಉದ್ದನೆಯ ಹಗ್ಗವನ್ನು ಸುರುಳಿಯಾಗಿ ಸುತ್ತಿ ತುರುಕಿದರೆ ನೀರಿಗೆ ಸುರುಳಿ ದಾರಿ ಮಾಡಿಕೊಟ್ಟಂತೆ.

ಹಾಗಾದರೆ ದೆಹಲಿಯ ಒಡೆಯ ಯಾವುದನ್ನು ಆರಿಸಬೇಕು? ಯಾವುದು ಕಡಿಮೆ ಸೋರುತ್ತದೆ ಎಂದು ಕೇಳಿದರೆ ಉತ್ತರ ಸುಲಭ, ಆದರೆ ಉಪಯೋಗವಿಲ್ಲ. ಹೊಸ ಸೀಲುಗಳಾವುವೂ ಸೋರುವುದಿಲ್ಲ. ಯಾವುದು ಹೇಗೆ ಕೆಡುತ್ತದೆ, ಕೆಡುವ ಮುನ್ನ ಸುಳಿವು ಕೊಡುತ್ತದೆಯೇ, ಆ ಸುಳಿವನ್ನು ನೋಡಲು ಅಲ್ಲಿ ಯಾರಿದ್ದಾರೆ ಎಂದು ಕೇಳಬೇಕು. ಹಗ್ಗದ ಗ್ಲ್ಯಾಂಡ್ ನಿಧಾನವಾಗಿ ಕೆಡುತ್ತದೆ: ಮೂರು ಹನಿ ಹತ್ತಾಗುತ್ತದೆ, ಹತ್ತು ಸಣ್ಣ ಧಾರೆಯಾಗುತ್ತದೆ, ಸ್ಪ್ಯಾನರ್ ಹಿಡಿದು ಅರ್ಧ ಸುತ್ತು ತಿರುಗಿಸಿದರೆ ತಾತ್ಕಾಲಿಕವಾಗಿ ನಿಲ್ಲುತ್ತದೆ. ಒಂದೇ ತುಂಡಿನ ರಬ್ಬರ್ ತುಟಿಯೂ ಹೆಚ್ಚುಕಡಿಮೆ ಹೀಗೆಯೇ, ಮೊದಲು ಜಿನುಗುತ್ತದೆ. ಇಂಗಾಲದ ಸೀಲು ವರ್ಷಾನುಗಟ್ಟಲೆ ಒಂದು ಹನಿಯನ್ನೂ ಬಿಡದೆ ಇದ್ದು, ಬೆಲ್ಲೋಸ್ ಹರಿದ ದಿನ ಒಮ್ಮೆಲೇ ಬಾಯಿ ಬಿಡಬಹುದು.

ಬಾಯಿ ಬಿಟ್ಟರೆ ಎಷ್ಟು ನೀರು? ನೀರಿನ ಮಟ್ಟದಿಂದ ಅರ್ಧ ಮೀಟರ್ ಕೆಳಗೆ, 25 ಮಿಲಿಮೀಟರ್ ಅಗಲದ ತೂತಿನಿಂದ ನಿಮಿಷಕ್ಕೆ ಸುಮಾರು 55 ಲೀಟರ್ ಒಳಗೆ ಬರುತ್ತದೆ, ಗಂಟೆಗೆ 3,300. ತಳದ ನೀರನ್ನು ಹೊರಹಾಕಲು ಸಣ್ಣ ದೋಣಿಗಳಲ್ಲಿ ಸಾಮಾನ್ಯವಾಗಿ ಹಾಕುವ ಬಿಲ್ಜ್ ಪಂಪಿನ ಡಬ್ಬಿಯ ಮೇಲೆ ಬರೆದಿರುವುದು ಗಂಟೆಗೆ 1,900 ಲೀಟರ್. ಪೈಪು ಮೇಲೇರಿಸಿ ಹೊರಹಾಕುವಾಗ ಅಷ್ಟೂ ಬರುವುದಿಲ್ಲ. ಪಂಪು ಗೆಲ್ಲುವ ಆಟವೇ ಅಲ್ಲ. ಸೋರಿಕೆ ಚಿಕ್ಕದೇ ಇದ್ದು ಪಂಪು ಸರಿಗಟ್ಟುತ್ತಿದ್ದರೂ ಬ್ಯಾಟರಿಯ ಮಿತಿ ಇದೆ: ಎರಡೂವರೆ ಆಂಪಿಯರ್ ಎಳೆಯುವ ಪಂಪು, 100 ಆಂಪಿಯರ್-ಅವರ್ ಬ್ಯಾಟರಿ, ಅದರಲ್ಲಿ ಅರ್ಧ ಬಳಸಬಹುದು ಎಂದರೆ 20 ಗಂಟೆ. ದೆಹಲಿಯಿಂದ ಮುಂಬೈಗೆ ರಾಜಧಾನಿ ಎಕ್ಸ್‌ಪ್ರೆಸ್ಸಿಗೇ ಸುಮಾರು 16 ಗಂಟೆ ಬೇಕು. ಫೋನು ಬಂದ ಕೂಡಲೇ ರೈಲು ಸಿಕ್ಕಿದರೆ, ಸರಿ.

ತೆರೆದ ಕಡಲಿನಲ್ಲಿ ನೀರು ನುಗ್ಗುವ ವೇಗ ಎಂಥದೆಂಬುದಕ್ಕೆ 2022ರ ನವೆಂಬರಿನ ಘಟನೆ ಸಾಕು. ಗೋಲ್ಡನ್ ಗ್ಲೋಬ್ ಏಕಾಂಗಿ ಪಂದ್ಯದಲ್ಲಿದ್ದ ಫಿನ್‌ಲೆಂಡಿನ ತಾಪಿಯೊ ಲೆಹ್ತಿನೆನ್ ಅವರ 36 ಅಡಿಯ ‘ಆಸ್ಟೀರಿಯಾ’ ದಕ್ಷಿಣ ಆಫ್ರಿಕಾದ ಆಗ್ನೇಯಕ್ಕೆ ಹಿಂಭಾಗದಿಂದ ನೀರು ತುಂಬಿ ಮುಳುಗಿತು. ಸದ್ದು ಕೇಳಿ ಎದ್ದ ಅವರಿಗೆ ಸಿಕ್ಕಿದ್ದು ಐದು ನಿಮಿಷದಷ್ಟು ಹೊತ್ತು. ಜೀವರಕ್ಷಕ ತೆಪ್ಪದಲ್ಲಿ ಒಂದು ದಿನ ತೇಲಿದ ಅವರನ್ನು ಸಹಸ್ಪರ್ಧಿ ಕರ್ಸ್ಟನ್ ನಾಯ್‌ಶೇಫರ್ ಬಂದು ಕಾಪಾಡಿದರು. ಮುಂದೆ ಆ ಪಂದ್ಯವನ್ನು ಗೆದ್ದದ್ದೂ ಆಕೆಯೇ, ಎರಡನೆಯವರಾಗಿ ಬಂದದ್ದು ನಮ್ಮ ನೌಕಾಪಡೆಯ ನಿವೃತ್ತ ಅಧಿಕಾರಿ ಅಭಿಲಾಷ್ ಟೋಮಿ. ಆಸ್ಟೀರಿಯಾ ಕಡಲ ತಳ ಸೇರಿದ್ದರಿಂದ ನೀರು ನುಗ್ಗಿದ ಕಾರಣ ಖಚಿತವಾಗಲೇ ಇಲ್ಲ. ಶಾಫ್ಟಿನ ಸೀಲಿನ ತಲೆಗೆ ಅದನ್ನು ಕಟ್ಟುವುದು ಅನ್ಯಾಯ. ಆದರೆ ದೋಣಿಯ ಹಿಂಭಾಗದ ತೂತುಗಳ ಬಗ್ಗೆ ಉದಾಸೀನ ಸಲ್ಲದು ಎನ್ನಲು ಅಷ್ಟು ಸಾಲದೇ?

ಹೀಗಾಗಿ ತಿಂಗಳುಗಟ್ಟಲೆ ದೋಣಿಯ ಮುಖ ನೋಡದ ಒಡೆಯನಿಗೆ, ಅದೂ ಶಾಫ್ಟ್ ನಯವಾಗಿದ್ದು ಜೋಡಣೆ ಸರಿಯಿದ್ದರೆ, ಒಂದೇ ತುಂಡಿನ ರಬ್ಬರ್ ತುಟಿಯ ಸೀಲು ಹೆಚ್ಚು ಒಪ್ಪುತ್ತದೆ. ಬಿಚ್ಚಿಕೊಳ್ಳಲು ಅದರಲ್ಲಿ ಭಾಗಗಳೇ ಇಲ್ಲ. ಶಾಫ್ಟ್ ಗೀರು ಬಿದ್ದಿದೆ, ಎಂಜಿನ್ ನಡುಗುತ್ತದೆ, ಆದರೆ ಬಂದರಿನಲ್ಲಿ ವಾರಕ್ಕೊಮ್ಮೆ ಹತ್ತಿ ನೋಡುವ ನಂಬಿಕಸ್ಥ ಹುಡುಗನೊಬ್ಬ ಇದ್ದಾನೆ ಎಂದಾದರೆ ಇಂಗಾಲದ ಸೀಲು. ಜೊತೆಗೆ ಕಾವಲಿನ ಕಾಲರ್, ಬೆಲ್ಲೋಸಿನ ಮೇಲೆ ಮಾರ್ಕರಿನಲ್ಲಿ ಬರೆದ ತಾರೀಕು. ಈಗಿರುವ ಗ್ಲ್ಯಾಂಡ್ ಚೆನ್ನಾಗಿಯೇ ಇದ್ದರೆ ಹೊಸ ಹಗ್ಗ ಹಾಕಿ, ಉಳಿದ ದುಡ್ಡಿನಲ್ಲಿ ಎರಡನೆಯ ಬಿಲ್ಜ್ ಪಂಪು ಮತ್ತು ನೀರೇರಿದರೆ ಮೊಬೈಲಿಗೆ ಸಂದೇಶ ಕಳಿಸುವ ಸಿಮ್ ಅಲಾರಂ ಕೊಳ್ಳುವುದು ಬುದ್ಧಿವಂತಿಕೆ. ಹೊಳೆಯುವ ಸ್ಟೀಲಿನ ರೋಟರಿಗಿಂತ ಆ ಅಲಾರಂ ದೊಡ್ಡ ಕೆಲಸ ಮಾಡುತ್ತದೆ.

ನದಿಯ ದೋಣಿಗೆ ಇನ್ನೊಂದು ಲೆಕ್ಕ. ಯಮುನೆ ಮಳೆಗಾಲದಲ್ಲಿ ಹೊತ್ತು ತರುವ ಹೂಳು, ಮರಳು ಸ್ಟರ್ನ್ ಟ್ಯೂಬಿನೊಳಗೂ ಸೇರುತ್ತದೆ. ಹೂಳು ತುಟಿಗೂ ಶಾಫ್ಟಿಗೂ ನಡುವೆ ಸಿಕ್ಕಿದರೆ ಉಪ್ಪುಕಾಗದದ ಕೆಲಸ ಮಾಡುತ್ತದೆ. ಅಂಥಲ್ಲಿ ತಾಳಿಕೊಳ್ಳುವುದು ಇಂಗಾಲದ ಮುಖ ಇಲ್ಲವೇ ಸಾದಾ ಹಗ್ಗ. ಹಗ್ಗ ಕೆಟ್ಟರೂ ಬದಲಿಸುವ ಖರ್ಚು ಕೆಲವೇ ನೂರು ರೂಪಾಯಿ. ವಜೀರಾಬಾದಿನಿಂದ ಓಖ್ಲಾವರೆಗಿನ 22 ಕಿಲೋಮೀಟರು ಯಮುನೆಯ ಉದ್ದದಲ್ಲಿ ಶೇ. 2ಕ್ಕಿಂತ ಕಡಿಮೆ, ಆದರೆ ನದಿಯ ಕೊಳೆಯ ಬಹುಪಾಲು ಸೇರುವುದು ಅಲ್ಲೇ. ದೋಣಿ ಓಡಿಸುವ ಯೋಜನೆ ಬ್ಯಾರೇಜಿನ ಮೇಲ್ಭಾಗವನ್ನು ಆರಿಸಿಕೊಂಡಿರುವುದು ಸೀಲಿನ ದೃಷ್ಟಿಯಿಂದಲೂ ಒಳ್ಳೆಯದೇ.

ಕೊಳ್ಳುವ ಮುನ್ನ ಅಳತೆ. ಹಳೆಯ ಇಂಗ್ಲಿಷ್, ಅಮೆರಿಕನ್ ದೋಣಿಗಳ ಶಾಫ್ಟ್ ಒಂದಂಗುಲ, ಅಂದರೆ 25.4 ಮಿಲಿಮೀಟರ್. ಯುರೋಪಿನ ದೋಣಿಗಳದ್ದು 25. ಕಣ್ಣಿಗೆ ಎರಡೂ ಒಂದೇ. ತುಟಿಗೆ ಆ 0.4 ಮಿಲಿಮೀಟರ್ ದೊಡ್ಡ ವ್ಯತ್ಯಾಸ. ಟೇಪು ಬೇಡ, ವರ್ನಿಯರ್ ಹಿಡಿದು ಮೂರು ಕಡೆ ಅಳೆಯಬೇಕು. ಸ್ಟರ್ನ್ ಟ್ಯೂಬಿನ ಹೊರ ಅಳತೆ, ಟ್ಯೂಬಿನ ತುದಿಯಿಂದ ಶಾಫ್ಟನ್ನು ಗೇರ್‌ಬಾಕ್ಸಿಗೆ ಜೋಡಿಸುವ ಕಪ್ಲಿಂಗಿನವರೆಗೆ ಇರುವ ಜಾಗ, ಇವೂ ಬೇಕು. ಜಾಗ ಸಾಲದೆ ತಂದ ಸೀಲನ್ನು ಹಿಂದಕ್ಕೆ ಕಳಿಸುವುದು ಸಾಮಾನ್ಯ. ದೆಹಲಿಯ ಕಾಶ್ಮೀರಿ ಗೇಟಿನಲ್ಲಿ ಸಿಗುವ ಮೋಟಾರುಗಾಡಿಯ ಆಯಿಲ್ ಸೀಲು ಇದೇ ಅಳತೆಯದು ಎಂದು ಆಸೆಪಟ್ಟು ಹಾಕಬಾರದು. ಅದರೊಳಗಿನ ಕಬ್ಬಿಣದ ಸ್ಪ್ರಿಂಗ್ ಉಪ್ಪುನೀರಿಗೆ ಬಾಳುವುದಿಲ್ಲ.

ಕೂರಿಸುವುದು ದಡದ ಮೇಲಿನ ಕೆಲಸ. ಕಪ್ಲಿಂಗಿನಿಂದ ಶಾಫ್ಟನ್ನು ಬಿಡಿಸಿ ಹಿಂದಕ್ಕೆ ಎಳೆಯಬೇಕು. ವರ್ಷಗಳಿಂದ ತುಕ್ಕು ಹಿಡಿದ ಕಪ್ಲಿಂಗ್ ಜಪ್ಪಯ್ಯ ಎಂದರೂ ಬಿಡುವುದಿಲ್ಲ. ಸುತ್ತಿಗೆಯಿಂದ ಹೊಡೆದರೆ ಗೇರ್‌ಬಾಕ್ಸಿನ ಬೇರಿಂಗಿಗೆ ಪೆಟ್ಟು. ಎಳೆಯುವಾಗ ಚುಕ್ಕಾಣಿ ಅಡ್ಡ ಬಂದರೆ ಅದನ್ನೂ ಕಳಚಬೇಕು. ಹೇಗೂ ಶಾಫ್ಟ್ ಹೊರಬಂದಾಗ ಕಟ್‌ಲೆಸ್ ಬೇರಿಂಗನ್ನು ನೋಡಿ, ಸವೆದಿದ್ದರೆ ಆಗಲೇ ಬದಲಿಸಬೇಕು. ಸವೆದ ಬೇರಿಂಗಿನ ಮೇಲೆ ಹೊಸ ಸೀಲು ಹಾಕುವುದು ದುಡ್ಡು ದಂಡ. ಸ್ಟೇನ್‌ಲೆಸ್ ಶಾಫ್ಟಿನ ಮೈಯಲ್ಲಿ ಸೂಜಿಮೊನೆಯಂಥ ಕಪ್ಪು ಗುಳಿಗಳಿವೆಯೇ ಎಂದೂ ನೋಡಬೇಕು. ಹೊಸ ನೀರು ಸುಳಿಯದ ಟ್ಯೂಬಿನೊಳಗೆ ಆಮ್ಲಜನಕ ತೀರಿಹೋಗಿ ತುಕ್ಕು ಹಿಡಿಯದ ಉಕ್ಕೂ ತುಕ್ಕು ಹಿಡಿಯುತ್ತದೆ. ತೊಟ್ಟಿಕ್ಕುವ ಗ್ಲ್ಯಾಂಡಿನಲ್ಲಿ ನೀರು ಚೂರಾದರೂ ಓಡಾಡುತ್ತಿತ್ತು; ತೊಟ್ಟಿಕ್ಕದ ಸೀಲು ಹಾಕಿ ತಿಂಗಳುಗಟ್ಟಲೆ ನಿಲ್ಲಿಸಿದ ದೋಣಿಯಲ್ಲಿ ಅದೂ ಇಲ್ಲ. ಹಾಗಾಗಿ ಆಗಾಗ ಎಂಜಿನ್ ಹಾಕಿ ಶಾಫ್ಟ್ ತಿರುಗಿಸಲು ಯಾರಿಗಾದರೂ ಹೇಳಿಟ್ಟಿರಬೇಕು.

ಈ ತಲೆನೋವೇ ಬೇಡ ಎನ್ನುವವರಿಗೆ ಶಾಫ್ಟಿನ ತೂತೇ ಇಲ್ಲದ ದಾರಿಗಳಿವೆ. ಹಿಂದೆ ತೂಗುಹಾಕುವ ಔಟ್‌ಬೋರ್ಡ್ ಒಂದು. ಎಂಜಿನ್ನಿನಿಂದ ನೇರ ಕೆಳಗಿಳಿಯುವ ಸೇಲ್‌ಡ್ರೈವ್ ಇನ್ನೊಂದು. ಅದರಲ್ಲಿ ಉದ್ದ ಶಾಫ್ಟಿನ ಸೀಲಿಲ್ಲ, ಆದರೆ ತಟ್ಟೆಯಗಲದ ರಬ್ಬರ್ ಪೊರೆಯೊಂದು ದೋಣಿಯ ತಳದ ತೂತನ್ನು ಮುಚ್ಚಿರುತ್ತದೆ, ಏಳು ವರ್ಷಕ್ಕೊಮ್ಮೆ ಅದನ್ನು ಬದಲಿಸಬೇಕು, ಎಂಜಿನ್ ಎತ್ತಿ. ಪೂರ್ತಿ ನಿಶ್ಚಿಂತೆ ಬೇಕೆಂದರೆ 2025ರ ಮೇ 21ರಂದು ಕಾರವಾರದಲ್ಲಿ ನೌಕಾಪಡೆಗೆ ಸೇರಿದ ‘ಕೌಂಡಿನ್ಯ’ದ ಹಾಗೆ ಇರಬೇಕು: ಅಜಂತಾದ ಚಿತ್ರ ನೋಡಿ, ಹಲಗೆಗಳನ್ನು ತೆಂಗಿನ ನಾರಿನ ಹಗ್ಗದಲ್ಲಿ ಹೊಲಿದು ಕಟ್ಟಿದ ಆ ಹಡಗಿಗೆ ಎಂಜಿನ್ನೂ ಇಲ್ಲ, ಶಾಫ್ಟೂ ಇಲ್ಲ. ಹೊಲಿಗೆಯ ತೂತುಗಳು ಸಾವಿರಾರು ಇವೆ ಎನ್ನುವುದು ಬೇರೆ ಮಾತು.

ಪಶ್ಚಿಮ ಕರಾವಳಿಯಲ್ಲಿ ವಿಹಾರದೋಣಿಗಳನ್ನು ಮಳೆಗೆ ಮುಂಚೆ ದಡಕ್ಕೆ ಎತ್ತುವುದು ವಾಡಿಕೆ. ಸೀಲು ಹೊರದೇಶದಿಂದ ಬರಬೇಕಾದರೆ ಫೆಬ್ರವರಿಯಲ್ಲೇ ಅಳತೆ ತೆಗೆದು ಬೇಡಿಕೆ ಕಳಿಸಿದರೆ ಮೇ ತಿಂಗಳ ಕ್ರೇನಿನ ಹೊತ್ತಿಗೆ ಕೈಯಲ್ಲಿರುತ್ತದೆ. ಜೊತೆಗೆ ನಾಲ್ಕು 316 ದರ್ಜೆಯ ಸ್ಟೇನ್‌ಲೆಸ್ ಕ್ಲಿಪ್ಪುಗಳು ಬೇಕು, ಪ್ರತಿ ತುದಿಗೆ ಎರಡೆರಡು. ಮತ್ತೆ ನೀರಿಗಿಳಿಸುವಾಗ ಕ್ರೇನಿನ ಪಟ್ಟಿಗಳನ್ನು ಕಳಚುವ ಮೊದಲು ಒಬ್ಬರು ಒಳಗಿಳಿದು ಸೀಲಿನ ಬಳಿ ಕೂರಬೇಕು. ದಡದಲ್ಲಿದ್ದಾಗ ಟ್ಯೂಬಿನೊಳಗೆ ಗಾಳಿ ಸೇರಿರುತ್ತದೆ. ಗಾಳಿಯಿದ್ದರೆ ಸೀಲು ಒಣಗಿಯೇ ತಿರುಗಿ ಸುಟ್ಟುಹೋಗುತ್ತದೆ. ರಬ್ಬರ್ ತುಟಿಯನ್ನು ಎರಡು ಬೆರಳಲ್ಲಿ ಹಿಸುಕಿ, ಇಂಗಾಲದ್ದಾದರೆ ಬೆಲ್ಲೋಸನ್ನು ತುಸು ಹಿಂದಕ್ಕೆ ಎಳೆದು, ಗುಳುಗುಳು ಗಾಳಿ ಹೋಗಿ ನೀರು ಚಿಮ್ಮುವವರೆಗೆ ಹಿಡಿದಿರಬೇಕು. ಗಾಳಿಕೊಳವೆ ಇರುವ ಸೀಲಾದರೆ ಈ ಕೆಲಸ ತಾನಾಗಿ ಆಗುತ್ತದೆ, ಕೊಳವೆಯ ತುದಿಯನ್ನು ನೀರಿನ ಮಟ್ಟಕ್ಕಿಂತ ಎರಡಡಿ ಮೇಲೆ ಕಟ್ಟಿದ್ದರೆ. ಎಂಜಿನ್ ಮತ್ತು ಶಾಫ್ಟಿನ ನೇರವನ್ನು ಕೊನೆಯ ಬಾರಿ ಅಳೆಯುವುದೂ ದೋಣಿ ತೇಲಿದ ಮೇಲೆಯೇ, ಒಂದೆರಡು ದಿನ ಬಿಟ್ಟು. ದಡದ ಮರದ ದಿಮ್ಮಿಗಳ ಮೇಲೆ ಕೂತ ದೋಣಿಯ ಮೈ ನೀರಿನಲ್ಲಿ ಬೇರೆಯೇ ಆಕಾರ ತಾಳುತ್ತದೆ. ಕಪ್ಲಿಂಗಿನ ಎರಡು ಮುಖಗಳ ನಡುವೆ ಫೀಲರ್ ಗೇಜ್ ತೂರಿಸಿ ಸುತ್ತ ನಾಲ್ಕು ಕಡೆ ಅಳೆದಾಗ ನಾಲ್ಕಂಗುಲದ ಕಪ್ಲಿಂಗಿನಲ್ಲಿ 0.1 ಮಿಲಿಮೀಟರಿಗಿಂತ ಹೆಚ್ಚು ಏರುಪೇರು ಕಂಡರೆ ಎಂಜಿನ್ನಿನ ಕಾಲಿನ ನಟ್ಟುಗಳನ್ನು ಮತ್ತೆ ಹೊಂದಿಸಬೇಕು. ಆಮೇಲೆ ಎಂಜಿನ್ ಹಾಕಿ, ದೋಣಿ ಕಟ್ಟಿದ ಹಗ್ಗ ಬಿಚ್ಚದೆ ಬಂದರಿನಲ್ಲೇ ಮುಂದೆ, ಹಿಂದೆ ಗೇರು ಹಾಕಿ ಅರ್ಧ ಗಂಟೆ ಓಡಿಸಿ, ಸೀಲಿನ ಕೆಳಗೆ ಹಾಸಿದ ಟಿಶ್ಯೂ ಕಾಗದ ಒದ್ದೆಯಾಗಿದೆಯೇ ನೋಡಬೇಕು. ದೆಹಲಿಯ ರೈಲಿಗೆ ಟಿಕೆಟ್ ತೆಗೆಸುವುದು ಅದಾದ ಮೇಲೆ.